ಸೂರ್ಯನ ಲೆಕ್ಕ ತಪ್ಪುವ ಊರಿನಲ್ಲಿ ಕೆಲಸದ ದಿನಚರಿ

ಹೆಲ್ಸಿಂಕಿಗೆ ಬಂದು ನೆಲೆಸಿದ ಮೊದಲ ಡಿಸೆಂಬರಿನಲ್ಲಿ ನಾನು ಮೂರು ವಾರ ಒಂದೇ ಒಂದು ಚಿತ್ರವನ್ನೂ ಮುಗಿಸಲಿಲ್ಲ. ಮಕ್ಕಳ ಪುಸ್ತಕಗಳಿಗೆ ಜಲವರ್ಣದಲ್ಲಿ ಚಿತ್ರ ಬರೆಯುವುದು ನನ್ನ ಕಸುಬು. ಊರಿನಲ್ಲಿದ್ದಾಗ ಪ್ರಕಾಶನ ಸಂಸ್ಥೆಯೊಂದರ ಕಚೇರಿಯಲ್ಲಿ ಕುಳಿತು ಮಾಡುತ್ತಿದ್ದ ಅದೇ ಕೆಲಸವನ್ನು ಇಲ್ಲಿ ಮನೆಯಿಂದ, ಸ್ವತಂತ್ರವಾಗಿ ಮಾಡತೊಡಗಿದ್ದೆ. ಸಮಯ ಬೇಕಾದಷ್ಟಿತ್ತು, ಮೇಜು ಕಿಟಕಿಯ ಪಕ್ಕದಲ್ಲಿತ್ತು, ನಡುವೆ ಬಂದು ಮಾತನಾಡಿಸುವವರು ಯಾರೂ ಇರಲಿಲ್ಲ. ಆದರೂ ಕೈ ಓಡಲಿಲ್ಲ. ಸೋಮಾರಿತನವೆಂದು ನನ್ನನ್ನು ನಾನೇ ಬೈದುಕೊಂಡೆ. ಊರಿನಲ್ಲಿ ನನ್ನ ಶಿಸ್ತು ಎಂದು ನಾನು ಹೆಮ್ಮೆಪಡುತ್ತಿದ್ದದ್ದರಲ್ಲಿ ಮುಕ್ಕಾಲು ಪಾಲು ಕಚೇರಿಯ ಬಸ್ಸಿನದು, ಪಕ್ಕದ ಮೇಜಿನವರದು ಮತ್ತು ವರ್ಷವಿಡೀ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಹುಟ್ಟುವ ಸೂರ್ಯನದು ಎಂಬುದು ಅರ್ಥವಾಗಲು ಆ ಚಳಿಗಾಲ ಪೂರ್ತಿ ಬೇಕಾಯಿತು.

ಈ ನಗರ ಇರುವುದು 60 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರಿನ ಕೊನೆಯ ವಾರಗಳಲ್ಲಿ ಸೂರ್ಯ ಬೆಳಗಿನ ಒಂಬತ್ತು ಗಂಟೆ ದಾಟಿದ ಮೇಲೆ ಹುಟ್ಟಿ, ಮಧ್ಯಾಹ್ನ ಮೂರೂಕಾಲರ ಹೊತ್ತಿಗೆ ಮುಳುಗಿಬಿಡುತ್ತಾನೆ. ಆರು ಗಂಟೆಗೂ ಕಡಿಮೆಯ ಆ ಹಗಲಿನಲ್ಲಿಯೂ ಮೋಡವೇ ಹೆಚ್ಚು. ಬರಹಗಾರರಿಗೆ ಇದು ಮನಸ್ಸಿನ ತೊಂದರೆಯಾದರೆ ಬಣ್ಣದಲ್ಲಿ ಕೆಲಸ ಮಾಡುವವರಿಗೆ ಕಣ್ಣಿನ ತೊಂದರೆಯೂ ಹೌದು. ಮನೆಯ ಸಾಮಾನ್ಯ ಬಲ್ಬಿನ ಹಳದಿ ಬೆಳಕಿನಲ್ಲಿ ಕಾಗದದ ಮೇಲಿನ ತಿಳಿ ಹಳದಿ ಕಾಣುವುದೇ ಇಲ್ಲ, ನೀಲಿ ಮಂಕಾಗುತ್ತದೆ; ದೀಪದ ಕೆಳಗೆ ಒಂದೇ ಎನಿಸಿದ ಎರಡು ಹಸಿರುಗಳು ಮರುದಿನ ಕಿಟಕಿಯ ಬಳಿ ಬೇರೆಬೇರೆಯಾಗಿ ನಿಲ್ಲುತ್ತವೆ. ರಾತ್ರಿ ಹಚ್ಚಿದ ಬಣ್ಣವನ್ನು ಹಗಲಿನಲ್ಲಿ ನೋಡಿ ಬೇಸರಪಟ್ಟುಕೊಂಡದ್ದು ಎಷ್ಟು ಸಲವೋ ಲೆಕ್ಕವಿಲ್ಲ. ಮುದ್ರಣದವರು ಬಣ್ಣ ಪರೀಕ್ಷಿಸಲು ಬಳಸುವ, ಹಗಲನ್ನು ಹೋಲುವ 5000 ಕೆಲ್ವಿನ್ ಬೆಳಕಿನ ದೀಪವೊಂದನ್ನು ಮೇಜಿಗೆ ಹಾಕಿಸಿಕೊಂಡಾಗ ಸಮಸ್ಯೆ ಅರ್ಧ ಕಡಿಮೆಯಾಯಿತು.

ಉಳಿದ ಅರ್ಧ ಕಡಿಮೆಯಾದದ್ದು ದಿನವನ್ನು ಬೇರೆ ರೀತಿಯಲ್ಲಿ ಹಂಚಿಕೊಂಡಾಗ. ಅಲ್ಲಿಯವರೆಗೆ ನಾನು ‘ಒಂಬತ್ತರಿಂದ ಐದರವರೆಗೆ ಚಿತ್ರ’ ಎಂದು ಬರೆದುಕೊಳ್ಳುತ್ತಿದ್ದೆ. ಚಿತ್ರ ಎಂಬುದು ಒಂದು ಕೆಲಸವಲ್ಲ, ಐದಾರು ಕೆಲಸಗಳ ಗಂಟು ಎಂಬುದನ್ನು ಗಮನಿಸಿರಲಿಲ್ಲ. ಈಗ ಚಳಿಗಾಲದಲ್ಲಿ ಹತ್ತೂವರೆಯಿಂದ ಎರಡರವರೆಗಿನ ಬೆಳಕು ಬಣ್ಣಕ್ಕೆ ಮಾತ್ರ ಮೀಸಲು. ಪೆನ್ಸಿಲಿನ ಕರಡು, ಪುಟ ವಿನ್ಯಾಸ, ಸ್ಕ್ಯಾನ್ ಮಾಡಿ ಕಲೆ ತೆಗೆಯುವುದು, ಪತ್ರವ್ಯವಹಾರ, ಬಿಲ್ಲು ಕಳುಹಿಸುವುದು ಎಲ್ಲವೂ ಕತ್ತಲೆಯ ಹೊತ್ತಿಗೆ. ಎಷ್ಟು ಗಂಟೆ ಕುಳಿತೆ ಎಂಬ ಲೆಕ್ಕಕ್ಕಿಂತ, ಯಾವ ಗಂಟೆಗೆ ಯಾವ ಕೆಲಸ ಎಂಬ ಲೆಕ್ಕದಿಂದ ನನಗೆ ಹೆಚ್ಚು ಉಪಯೋಗವಾಯಿತು.

ಇನ್ನೊಂದು ತೊಡಕು ಕಾಲದ ಅಂತರ. ಚಳಿಗಾಲದಲ್ಲಿ ಇಲ್ಲಿನ ಗಡಿಯಾರ ಭಾರತಕ್ಕಿಂತ ಮೂರೂವರೆ ಗಂಟೆ ಹಿಂದಿರುತ್ತದೆ, ಬೇಸಿಗೆಯಲ್ಲಿ ಎರಡೂವರೆ. ಮಾರ್ಚ್ ಮತ್ತು ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ ಗಡಿಯಾರ ಬದಲಿಸುವುದು ಇಲ್ಲಿಯವರು, ಭಾರತದವರಲ್ಲ. ನಾನು ಒಂಬತ್ತಕ್ಕೆ ಮೇಜಿಗೆ ಬರುವಾಗ ಊರಿನ ಪ್ರಕಾಶಕರ ಅರ್ಧ ದಿನ ಕಳೆದಿರುತ್ತದೆ, ತಿದ್ದುಪಡಿಗಳ ಸಂದೇಶಗಳು ಸಾಲುಗಟ್ಟಿರುತ್ತವೆ. ಮೊದಲ ವರ್ಷ ಅವುಗಳನ್ನು ಹಾಸಿಗೆಯಲ್ಲಿಯೇ ಓದುತ್ತಿದ್ದೆ. ಹನ್ನೆರಡನೆಯ ಪುಟದ ಹುಡುಗನ ಅಂಗಿಯ ಬಣ್ಣ ಬದಲಿಸಬೇಕೆಂಬ ಒಂದು ಸಾಲು ತಲೆಯಲ್ಲಿ ಕುಳಿತರೆ ಸಾಕು, ಮೂರನೆಯ ಪುಟದ ಆಕಾಶ ಕೆಡುತ್ತಿತ್ತು. ಒಂದು ಕೆಲಸದಿಂದ ಇನ್ನೊಂದಕ್ಕೆ ಹೊರಳಿದಾಗ ಗಮನದ ಒಂದು ಪಾಲು ಹಿಂದಿನದಕ್ಕೇ ಅಂಟಿಕೊಂಡಿರುತ್ತದೆ ಎಂಬುದನ್ನು ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ವಿವರಿಸಿದ್ದಾರೆ. ನನಗೆ ಅದು ಕೆಟ್ಟ ಆಕಾಶಗಳ ರೂಪದಲ್ಲಿ ಮೊದಲೇ ಗೊತ್ತಾಗಿತ್ತು. ಈಗ ಮಧ್ಯಾಹ್ನ ಎರಡರವರೆಗೆ ಫೋನು ಪಕ್ಕದ ಕೋಣೆಯಲ್ಲಿರುತ್ತದೆ. ಆಗ ಊರಿನಲ್ಲಿ ಸಂಜೆ ಐದೂವರೆ, ಸಂಪಾದಕಿ ಇನ್ನೂ ಕಚೇರಿ ಬಿಟ್ಟಿರುವುದಿಲ್ಲ. “ಏನಮ್ಮಾ, ಮಧ್ಯಾಹ್ನದವರೆಗೂ ನಿದ್ದೆಯೇ?” ಎಂದು ಅವರು ಮೊದಮೊದಲು ತಮಾಷೆ ಮಾಡಿದರು. ಎರಡು ತಿಂಗಳಲ್ಲಿ, ದಿನದ ತಿದ್ದುಪಡಿಗಳನ್ನೆಲ್ಲ ಒಟ್ಟುಮಾಡಿ ಒಂದೇ ಪತ್ರದಲ್ಲಿ ಕಳುಹಿಸುವುದನ್ನು ಅವರೇ ರೂಢಿಸಿಕೊಂಡರು.

ಇನ್ನು ಕೆಲಸ ಶುರುಮಾಡುವ ವಿಚಾರ. ಸ್ಫೂರ್ತಿ ಬರಲೆಂದು ಕಾಯುವುದರಲ್ಲಿ ನನಗೆ ನಂಬಿಕೆ ಉಳಿದಿಲ್ಲ, ಕತ್ತಲೆಯ ಬೆಳಗಿನಲ್ಲಂತೂ ಅದು ಬರುವುದೂ ಇಲ್ಲ. ಹಿಂದಿನ ಸಂಜೆಯೇ ಕಾಗದವನ್ನು ನೆನೆಸಿ ಹಲಗೆಗೆ ಬಿಗಿದು, ಎರಡು ಬಟ್ಟಲು ನೀರಿಟ್ಟು, ನಾಳೆ ಮೊದಲು ಹಚ್ಚಬೇಕಾದ ಜಾಗ ಯಾವುದೆಂದು ಚೀಟಿಯಲ್ಲಿ ಬರೆದಿಡುತ್ತೇನೆ. ಆ ಜಾಗ ಸುಲಭದ್ದಾಗಿರಬೇಕು: ಒಂದು ಗೋಡೆ, ಒಂದು ನೆರಳು. ಮುಖಭಾವದಂತಹ ಕಷ್ಟದ ಭಾಗವನ್ನು ಎಂದಿಗೂ ಬೆಳಗಿನ ಮೊದಲ ಕೆಲಸವಾಗಿ ಇಟ್ಟುಕೊಳ್ಳುವುದಿಲ್ಲ. ಬೆಳಿಗ್ಗೆ ನಿರ್ಧರಿಸುವುದು ಏನೂ ಉಳಿದಿರಬಾರದು, ಕುಂಚ ಅದ್ದುವುದಷ್ಟೇ ಉಳಿದಿರಬೇಕು. ಇದು ರೂಢಿಯಾಗಲು ಸಾಕಷ್ಟು ಕಾಲ ಹಿಡಿಯಿತು. ಇಪ್ಪತ್ತೊಂದು ದಿನಗಳಲ್ಲಿ ಯಾವ ಅಭ್ಯಾಸವಾದರೂ ಮೈಗೂಡುತ್ತದೆ ಎಂಬ ಮಾತನ್ನು ನಂಬಿದ್ದ ನನಗೆ, ಇಪ್ಪತ್ತೆರಡನೆಯ ದಿನ ನಿರಾಶೆಯಾಗಿತ್ತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರ ಮೇಲೆ ಹನ್ನೆರಡು ವಾರ ನಡೆಸಿದ ಅಧ್ಯಯನದಲ್ಲಿ ಕಂಡುಬಂದ ಮಧ್ಯದ ಅಂಕಿ 66 ದಿನ, ವ್ಯಾಪ್ತಿ 18ರಿಂದ 254 ದಿನಗಳವರೆಗೆ (ಹನ್ನೆರಡು ವಾರ ಮೀರಿದ ಅಂಕಿಗಳು ಲೆಕ್ಕದಿಂದ ಅಂದಾಜಿಸಿದವು). ನಡುವೆ ಒಂದು ದಿನ ತಪ್ಪಿದರೆ ದೊಡ್ಡ ನಷ್ಟವೇನಿಲ್ಲ ಎಂಬುದೂ ಅದರಲ್ಲಿದೆ. ನನ್ನನ್ನು ಮತ್ತೆ ಮೇಜಿಗೆ ಕರೆತಂದದ್ದು ಆ ಒಂದು ಮಾತು.

ಇಪ್ಪತ್ತೈದು ನಿಮಿಷ ಕೆಲಸ, ಐದು ನಿಮಿಷ ಬಿಡುವು ಎಂಬ ಪೊಮೊಡೊರೊ ಪದ್ಧತಿಯನ್ನೂ ಪ್ರಯತ್ನಿಸಿದೆ. ಪತ್ರ ಬರೆಯುವುದಕ್ಕೆ ಅದು ಚೆನ್ನಾಗಿ ಹೊಂದುತ್ತದೆ, ಜಲವರ್ಣಕ್ಕೆ ಹೊಂದುವುದಿಲ್ಲ. ಕಾಗದದ ತುಂಬ ಒದ್ದೆ ಬಣ್ಣ ಹರಡಿರುವಾಗ ಗಂಟೆ ಬಾರಿಸಿದರೆ ಎದ್ದು ಹೋಗುವುದು ಹೇಗೆ? ಹಚ್ಚಿದ ಪದರ ಒಣಗುವವರೆಗೆ ಕಾಯಲೇಬೇಕಾದ್ದರಿಂದ ಆ ಕಾಯುವಿಕೆಯೇ ನನ್ನ ಬಿಡುವು. ಮನೆಯನ್ನು ಬೆಚ್ಚಗಿಡುವ ಚಳಿಗಾಲದಲ್ಲಿ ಒಳಗಿನ ಗಾಳಿ ಒಣಗಿರುವುದರಿಂದ ಬಿಡುವು ಚಿಕ್ಕದಾಗುತ್ತದೆ ಎಂಬುದೊಂದು ಸಣ್ಣ ದೂರು.

ಒಂಟಿತನಕ್ಕೆ ವಾರದಲ್ಲಿ ಎರಡು ದಿನ ‘ಓಡಿ’ ಗ್ರಂಥಾಲಯ. 2018ರ ಡಿಸೆಂಬರಿನಲ್ಲಿ ತೆರೆದ ಈ ಕಟ್ಟಡದಲ್ಲಿ ಕರಡು ಪುಸ್ತಕ ಹಿಡಿದು ಕುಳಿತರೆ ಯಾರೂ ಮಾತನಾಡಿಸುವುದಿಲ್ಲ, ಆದರೆ ಸುತ್ತ ಇತರರೂ ದುಡಿಯುತ್ತಿರುತ್ತಾರೆ.

ಬೇಸಿಗೆಯ ಕಷ್ಟ ತದ್ವಿರುದ್ಧ. ಜೂನ್ ತಿಂಗಳ ಮೂರನೆಯ ವಾರದಲ್ಲಿ ಹಗಲು ಸುಮಾರು ಹತ್ತೊಂಬತ್ತು ಗಂಟೆ, ಸೂರ್ಯಾಸ್ತ ರಾತ್ರಿ ಹತ್ತು ಐವತ್ತರ ಸುಮಾರಿಗೆ. ಬೆಳಕು ಇರುವವರೆಗೆ ಬಣ್ಣ ಎಂಬ ಚಳಿಗಾಲದ ನಿಯಮವನ್ನೇ ಮುಂದುವರಿಸಿದ ಮೊದಲ ಬೇಸಿಗೆಯಲ್ಲಿ ರಾತ್ರಿ ಹನ್ನೊಂದರವರೆಗೆ ಕೆಲಸ ಮಾಡಿ, ನಾಲ್ಕಕ್ಕೆ ಕಿಟಕಿ ಬೆಳಗಿದಾಗ ಎದ್ದು, ಜುಲೈ ಹೊತ್ತಿಗೆ ಕುಂಚ ಕಂಡರೆ ಸಿಟ್ಟು ಬರುವ ಸ್ಥಿತಿ ತಲುಪಿದ್ದೆ. ದಣಿದ ಕೈ ಏಳರ ನಂತರ ಹಚ್ಚಿದ್ದನ್ನು ಮರುದಿನ ತೊಳೆದು ತೆಗೆಯುವುದಕ್ಕೇ ಬೆಳಗು ಮುಗಿಯುತ್ತಿತ್ತು. ಆಮೇಲೆ ನಿಲ್ಲಿಸುವುದಕ್ಕೂ ಒಂದು ಕ್ರಮ ಮಾಡಿಕೊಂಡೆ: ಹೊರಗೆ ಎಷ್ಟೇ ಬೆಳಕಿರಲಿ, ಐದಕ್ಕೆ ಕುಂಚಗಳನ್ನು ತೊಳೆದು ಅಡ್ಡಡ್ಡ ಮಲಗಿಸಿ ಒಣಹಾಕುತ್ತೇನೆ. ಒದ್ದೆ ಕುಂಚವನ್ನು ಮತ್ತೆ ಎತ್ತಿಕೊಳ್ಳಲು ಮನಸ್ಸು ಬರುವುದಿಲ್ಲ. ನಾಳೆಯ ಚೀಟಿ ಬರೆಯುವುದು ಅದಾದ ಮೇಲೆ. ನಾಲ್ಕು ವರ್ಷಗಳಲ್ಲಿ ನನಗೆ ಅತಿ ಹೆಚ್ಚು ಚಿತ್ರಗಳನ್ನು ಮುಗಿಸಿಕೊಟ್ಟದ್ದು ಬೆಳಗಿನ ಯಾವ ಶಿಸ್ತೂ ಅಲ್ಲ, ಈ ಐದು ಗಂಟೆಯ ಶಿಸ್ತು ಎಂದೇ ನನ್ನ ಅಂದಾಜು.

ಇನ್ನೂ ಸರಿಹೋಗದೆ ಉಳಿದಿರುವುದು ಫೆಬ್ರವರಿ ಮತ್ತು ಮಾರ್ಚ್. ಆಗ ಹಗಲು ದಿನಕ್ಕೆ ಐದು ನಿಮಿಷಕ್ಕೂ ಹೆಚ್ಚು ಬೆಳೆಯುತ್ತದೆ. ಹತ್ತು ದಿನ ಗಮನಿಸದೆ ಬಿಟ್ಟರೆ ಬಣ್ಣದ ಹೊತ್ತು ಸುಮಾರು ಒಂದು ಗಂಟೆ ಹಿಗ್ಗಿರುತ್ತದೆ, ನಾನು ಮಾತ್ರ ಹಳೆಯ ವೇಳೆಯಂತೆ ಎರಡಕ್ಕೆ ಫೋನು ತರಲು ಎದ್ದಿರುತ್ತೇನೆ.