ಆ ಹಸಿರು ಸೆಗ್ಮೆಂಟ್ ಪಾಸ್ ಮಾಡಿದ್ದು ನಾನೇ

"ಮೇಡಂ, ಇವರಿಗೆ ಟ್ರೀಟ್‌ಮೆಂಟ್ ಕೊಡ್ತಿದ್ರಾ?"

ಬೂತ್ ಒಳಗಿಂದ ವಾಯ್ಸ್ ಆರ್ಟಿಸ್ಟ್ ಕೇಳಿದಾಗ ನಾನು ತಲೆ ಎತ್ತಲಿಲ್ಲ. "ಇರಬೇಕು, ಮುಂದೆ ಓದಿ" ಅಂದೆ. ಮೂರು ವರ್ಷ ಆಯ್ತು. ಆ ಮಾತು ಇನ್ನೂ ಚುಚ್ಚುತ್ತದೆ.

ನಾಜಿಗಳು ಯಹೂದಿಗಳನ್ನು ಕೊಲ್ಲುತ್ತಿದ್ದ ಔಶ್ವಿಟ್ಜ್ ಬಗ್ಗೆ ಒಂದು ಸಾಕ್ಷ್ಯಚಿತ್ರದ ಕನ್ನಡ ಡಬ್ಬಿಂಗ್ ಅದು. ನಾನು ರಿವ್ಯೂವರ್. ಆ ಎಪಿಸೋಡ್ ಔಶ್ವಿಟ್ಜ್‌ನದೇ ಭಾಗವಾದ ಬಿರ್ಕೆನೌದ 'ಕುಟುಂಬ ಶಿಬಿರ'ದ್ದು. ಶಿಬಿರ ಅಂದರೆ ನಮಗೆ ನೆನಪಾಗುವುದು ಕಣ್ಣಿನ ತಪಾಸಣೆ, ಎನ್ಎಸ್ಎಸ್, ರಕ್ತದಾನ. ಆ ಪದವೇ ನನಗೆ ಒಗ್ಗಿರಲಿಲ್ಲ. ಆದರೆ ಗ್ಲಾಸರಿಯಲ್ಲಿ ಅದೇ ಇತ್ತು.

1943ರ ಸೆಪ್ಟೆಂಬರ್‌ನಲ್ಲಿ ಟೆರೆಜಿನ್ ಘೆಟ್ಟೋದಲ್ಲಿ ಕೂಡಿಹಾಕಿದ್ದ ಯಹೂದಿಗಳಲ್ಲಿ ಸುಮಾರು 5,000 ಜನರನ್ನು ನಾಜಿಗಳು ಅಲ್ಲಿಗೆ ತಂದರು. ಬೇರೆ ರೈಲುಗಳಲ್ಲಿ ಬಂದವರಲ್ಲಿ ಹೆಚ್ಚಿನವರು ಇಳಿದ ದಿನವೇ ಗ್ಯಾಸ್ ಕೋಣೆಗೆ ಹೋಗುತ್ತಿದ್ದರು. ಇವರನ್ನು ಆಗ ಕೊಲ್ಲಲಿಲ್ಲ. ತಲೆ ಬೋಳಿಸಲಿಲ್ಲ. ಮಕ್ಕಳು ಅದೇ ಬೇಲಿಯೊಳಗೆ ಅಪ್ಪ ಅಮ್ಮನ ಹತ್ತಿರವೇ ಉಳಿದರು. ಫ್ರೆಡಿ ಹಿರ್ಶ್ ಎಂಬ ಯುವ ಕೈದಿ ಮಕ್ಕಳಿಗಾಗಿಯೇ ಒಂದು ಬ್ಯಾರಕ್ ಬಿಡಿಸಿಕೊಂಡ. ಅಲ್ಲಿ ಕದ್ದುಮುಚ್ಚಿ ಪಾಠ ನಡೆಯುತ್ತಿತ್ತು. ಗೋಡೆ ಮೇಲೆ ಹಸಿರು ಬಯಲು, ಹೂವುಗಳ ಚಿತ್ರ. ಹಾಗಿದ್ದೂ ಹಸಿವು, ಕಾಯಿಲೆಗೆ 6 ತಿಂಗಳಲ್ಲಿ ಸಾವಿರಕ್ಕೂ ಜಾಸ್ತಿ ಜನ ಸತ್ತರು.

ಇವರ ಕಾರ್ಡುಗಳ ಮೇಲೆ ಒಂದು ಗುರುತಿತ್ತು. 6 ತಿಂಗಳ ನಂತರ 'ಜೋಂಡರ್‌ಬೆಹಾಂಡ್‌ಲುಂಗ್' ಎಂಬ ಜರ್ಮನ್ ಪದ. ಇಂಗ್ಲಿಷ್ ಸ್ಕ್ರಿಪ್ಟಿನಲ್ಲಿ ಅದು ಸ್ಪೆಷಲ್ ಟ್ರೀಟ್‌ಮೆಂಟ್. ನಮ್ಮ ಟಿಎಂನಲ್ಲಿ, ಅಂದರೆ ಹಳೆಯ ಅನುವಾದಗಳನ್ನು ಕೂಡಿಟ್ಟು ಮತ್ತೆ ತಂದುಕೊಡುವ ಟ್ರಾನ್ಸ್‌ಲೇಶನ್ ಮೆಮೊರಿಯಲ್ಲಿ, ಒಂದು ಆಸ್ಪತ್ರೆಯ ಪ್ರಾಜೆಕ್ಟೂ ಸೇರಿತ್ತು. ಅಲ್ಲಿಂದ 'ವಿಶೇಷ ಚಿಕಿತ್ಸೆ' ನೂರಕ್ಕೆ ನೂರು ಮ್ಯಾಚ್ ಆಗಿ, ಹಸಿರು ಬಣ್ಣದಲ್ಲಿ, ಲಾಕ್ ಆಗಿ ಬಂದು ಕೂತಿತ್ತು. ಲಾಕ್ ಆದ ಸೆಗ್ಮೆಂಟಿಗೆ, ಅಂದರೆ ಸಾಲಿಗೆ, ದುಡ್ಡಿಲ್ಲ, ಆದ್ದರಿಂದ ಯಾರೂ ಓದುವುದಿಲ್ಲ. ಈ ರೂಲ್ ಮಾಡಿದವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಆದರೆ ನಾನು ಓದಿದ್ದೆ. ಓದಿಯೇ ಬಿಟ್ಟಿದ್ದೆ. ಮಕ್ಕಳನ್ನು ಜೊತೆಗೇ ಇಟ್ಟಿದ್ದಾರೆ, ಚಿಕಿತ್ಸೆಯನ್ನೂ ಕೊಟ್ಟಿರಬಹುದು ಅಂದುಕೊಂಡೆ. ಕೊಲೆಯನ್ನು ಮುಚ್ಚಿಡಲೆಂದೇ ಬಳಕೆಗೆ ತಂದ ಪದ ಅದು. ಎಂಬತ್ತು ವರ್ಷದ ಮೇಲೆ, ಬೆಂಗಳೂರಿನಲ್ಲಿ ಕೂತ ನನ್ನ ಕಣ್ಣಿಗೂ ಮುಚ್ಚಿಬಿಟ್ಟಿತು.

ನಾಲ್ಕು ಸೆಗ್ಮೆಂಟ್ ಮುಂದೆ ವಾಯ್ಸ್ ಆರ್ಟಿಸ್ಟ್ ಓದಿದರು: "1944ರ ಮಾರ್ಚ್ 8ರ ರಾತ್ರಿ ಅವರಲ್ಲಿ 3,792 ಜನರನ್ನು ಗ್ಯಾಸ್ ಕೋಣೆಗಳಲ್ಲಿ ಕೊಂದರು." ಓದಿ ಸುಮ್ಮನಾದರು. ಹೆಡ್‌ಫೋನಿನಲ್ಲಿ ಅವರ ಉಸಿರು ಮಾತ್ರ ಕೇಳುತ್ತಿತ್ತು. ನಾನು ಬೆರಳು ಮಡಿಸಿ ಎಣಿಸಿದೆ. ಸೆಪ್ಟೆಂಬರ್‌ನಿಂದ ಮಾರ್ಚ್. ಸರಿಯಾಗಿ 6 ತಿಂಗಳು. ಕೈ ತಣ್ಣಗಾಯಿತು.

ಸ್ಲಾಟ್ ಮುಗಿಯಲು ಇಪ್ಪತ್ತು ನಿಮಿಷ ಇತ್ತು. ಪ್ರಾಜೆಕ್ಟ್ ಮ್ಯಾನೇಜರ್‌ಗೆ ಫೋನ್ ಮಾಡಿದೆ. "ಅಪ್ರೂವ್ ಆಗಿರೋ ಸ್ಕ್ರಿಪ್ಟ್ ಅಲ್ವಾ? ಆಮೇಲೆ ಪಿಕಪ್‌ನಲ್ಲಿ ನೋಡೋಣ" ಅಂದರು. ಆ ಪಿಕಪ್, ಅಂದರೆ ತಪ್ಪಾದ ಸಾಲುಗಳ ಮರು ರೆಕಾರ್ಡಿಂಗ್, ಬರುವುದಿಲ್ಲ ಅಂತ ಇಬ್ಬರಿಗೂ ಗೊತ್ತಿತ್ತು. ಫೋನ್ ಇಟ್ಟು ಪೆನ್ ತೆಗೆದೆ. 'ವಿಶೇಷ ಉಪಚಾರ' ಅಂತ ಬರೆದು ತಕ್ಷಣ ಹೊಡೆದು ಹಾಕಿದೆ. ಉಪಚಾರ ಅಂದರೆ ಮನೆಗೆ ಬಂದವರಿಗೆ ಮಾಡುವುದು. ಇನ್ನೊಂದು ಸಾಲು, ಓದಲು ಇದ್ದ ಐದು ಸೆಕೆಂಡಿಗೆ ಹಿಡಿಸಲಿಲ್ಲ. ಕೊನೆಗೆ ಬರೆದೆ: "ಕಾರ್ಡಿನ ಮೇಲೆ: 6 ತಿಂಗಳ ನಂತರ 'ವಿಶೇಷ ಕ್ರಮ'. ಅಂದರೆ ಕೊಲೆ." ಒಂದೇ ಟೇಕಿನಲ್ಲಿ ಓದಿದರು.

ಈಗ ಹಸಿರು ಸೆಗ್ಮೆಂಟುಗಳನ್ನೆಲ್ಲ ಅನ್‌ಲಾಕ್ ಮಾಡಿಯೇ ಕೆಲಸ ಶುರು ಮಾಡುತ್ತೇನೆ. ಆಸ್ಪತ್ರೆಯ ಟಿಎಂ ಬೇರೆ ಮಾಡಿ ಅಂತ ಕೊಟ್ಟ ಟಿಕೆಟ್ ಇನ್ನೂ ಓಪನ್ ಇದೆ.

ಅವತ್ತು ಕೊನೆಯ ಸಾಲಿನಲ್ಲಿ ವಾಯ್ಸ್ ಆರ್ಟಿಸ್ಟ್ ಮತ್ತೆ ನಿಂತರು. ಕೊಲ್ಲುವ ಮೊದಲು ಆ ಜನರಿಂದ ಮನೆಯವರಿಗೆ, ಸ್ನೇಹಿತರಿಗೆ ಪೋಸ್ಟ್‌ಕಾರ್ಡ್ ಬರೆಸಿದ್ದರು. ತಾರೀಕು, ಮಾರ್ಚ್ 25.

"ಡೇಟ್ ತಪ್ಪಿದೆ ಮೇಡಂ. 8ಕ್ಕೆ ಹೋದವರು 25ಕ್ಕೆ ಹೇಗೆ ಬರೀತಾರೆ?"

ಈ ಸಲ ತಲೆ ಎತ್ತಿದೆ. ಮೂಲ ಸ್ಕ್ರಿಪ್ಟ್ ತೆಗೆದು ಎರಡು ಸಲ ಓದಿದೆ. ಕಾರ್ಡು ತಲುಪಿದವರು ಇವರೆಲ್ಲ ಬದುಕಿದ್ದಾರೆ ಅಂದುಕೊಳ್ಳಲಿ ಅಂತ ಮುಂದಿನ ತಾರೀಕು ಹಾಕಿಸಿದ್ದರು.

"ತಪ್ಪಿಲ್ಲ" ಅಂದೆ. "25 ಅಂತಲೇ ಓದಿ."