ಇಟ್ಟುಕೊಂಡರೆ ಇಳಿಯುವ ಬ್ರೇಕ್

‘ಬ್ರೇಕ್ ಕೆಳಗಿಳಿಯುತ್ತಿದೆ’ ಎಂದು ಅಪ್ಪ ಹೇಳಿದಾಗ ನಾನು ಮೊದಲು ನೋಡಿದ್ದು ಅವರ ಕಾಲನ್ನು. ಚಿಕ್ಕಮಗಳೂರಿನ ಹನುಮಂತಪ್ಪ ವೃತ್ತದಲ್ಲಿ ಬಸ್ಸಿನ ಹಿಂದೆ ನಿಂತಿದ್ದಾಗ ಪೆಡಲ್ ಮೆಲ್ಲಗೆ ಜಾರಿ, ಕಾರು ಒಂದಡಿ ಮುಂದೆ ಹೋಯಿತಂತೆ. ಕಾಲೆತ್ತಿ ಮತ್ತೆ ತುಳಿದರೆ ಎಂದಿನಂತೆ ಗಟ್ಟಿ. ನಾನೇ ಗಿರಿಗೆ ಹೋಗುವ ದಾರಿಯ ಕೈಮರದವರೆಗೆ ಹೋಗಿ ಬಂದೆ. ಏಳೆಂಟು ಕಡೆ ಜೋರಾಗಿ ತುಳಿದೆ. ಪ್ರತಿ ಸಲವೂ ಕಾರು ಗೂಟಕ್ಕೆ ಕಟ್ಟಿದಂತೆ ನಿಂತಿತು. ಗ್ಯಾರೇಜಿನವರೂ ಹಾಗೆಯೇ ಓಡಿಸಿ ನೋಡಿ, ಬ್ರೇಕ್ ಆಯಿಲ್ ಬದಲಿಸಿ, ಬ್ರೇಕ್ ಪೈಪುಗಳೊಳಗಿನ ಗಾಳಿ ತೆಗೆದು ಕೊಟ್ಟರು. ಆಮೇಲೆ ಅಪ್ಪನ ದೂರು ಕಡಿಮೆಯಾಗಲಿಲ್ಲ, ಹೆಚ್ಚಾಯಿತು.

ಅಪ್ಪನಿಗೆ 71. ‘ಇನ್ನು ಅವರ ಕೈಗೆ ಕೀ ಕೊಡಬೇಡ’ ಎಂದು ತಮ್ಮ ಫೋನ್ ಮಾಡಿದ. ನಾನು ಕೀಯನ್ನು ಬೀರುವಿನಲ್ಲಿಟ್ಟೆ. ಅಪ್ಪ ವಾದಿಸಲಿಲ್ಲ. ಕೈಚೀಲ ಹಿಡಿದು ಮಾರುಕಟ್ಟೆಗೆ ನಡೆದೇ ಹೋಗತೊಡಗಿದರು. ಆ ಚೀಲವನ್ನು ನೆನೆದರೆ ಇಂದಿಗೂ ನನಗೆ ಸಂಕಟವಾಗುತ್ತದೆ.

ಒಂದು ಭಾನುವಾರ ಅಮ್ಮನ ಆಸೆಯಂತೆ ಸೀತಾಳಯ್ಯನಗಿರಿಗೆ ಹೋಗಿದ್ದೆವು. ಇಳಿಯುವಾಗ ಕೈಮರದ ಹತ್ತಿರ ವಾಹನಗಳ ಉದ್ದನೆಯ ಸಾಲು. ಇಳಿಜಾರಿನಲ್ಲಿ ಪೆಡಲಿನ ಮೇಲೆ ಕಾಲನ್ನು ಹಗುರವಾಗಿ ಇಟ್ಟುಕೊಂಡು ಕಾಯುತ್ತಿದ್ದೆ. ಬೆಣ್ಣೆಗೆ ಚಾಕು ಇಳಿದಂತೆ ಪೆಡಲ್ ಇಳಿಯಿತು. ಕಾರು ಹೊರಳತೊಡಗಿತು. ಕೈಬ್ರೇಕ್ ಎಳೆದೆ. ಮುಂದಿನ ಕಾರಿಗೂ ನಮಗೂ ಗೇಣಿನಷ್ಟು ಅಂತರ. ಪಕ್ಕದಲ್ಲಿದ್ದ ಅಪ್ಪ ಕೈಬ್ರೇಕಿನ ಮೇಲಿದ್ದ ನನ್ನ ಕೈಯನ್ನಷ್ಟೇ ನೋಡಿದರು.

ಕಾರನ್ನು ಬದಿಗೆ ಹಾಕಿ, ಪರಿಚಯದ ಹಿರಿಯ ಮೆಕ್ಯಾನಿಕ್ ಒಬ್ಬರನ್ನು ಊರಿನಿಂದ ಕರೆಸಿದೆವು. ನಾನು ಹೇಳಹೊರಟದ್ದನ್ನು ಕೈಯೆತ್ತಿ ತಡೆದು ಅವರು ಅಪ್ಪನನ್ನು ಕೇಳಿದರು: ‘ಯಾವಾಗ ಇಳಿಯುತ್ತದೆ ಯಜಮಾನರೇ?’

‘ತುಳಿದರೆ ಇಳಿಯುವುದಿಲ್ಲ. ಇಟ್ಟುಕೊಂಡರೆ ಇಳಿಯುತ್ತದೆ.’

ಮೆಕ್ಯಾನಿಕರ ಮುಖ ಅರಳಿತು. ಆಯಿಲ್ ಡಬ್ಬಿ ತುಂಬಿತ್ತು. ನಾಲ್ಕೂ ಚಕ್ರಗಳ ಒಳಬದಿ ಒಣಗಿತ್ತು. ಪೆಡಲನ್ನು ಹಗುರವಾಗಿ ಒತ್ತಿ ಹಿಡಿದು, ಎಂಜಿನ್ ಚಾಲೂ ಮಾಡಿದರು. ಎಂಜಿನ್ ಚಾಲೂ ಆಗುವಾಗ ಪೆಡಲ್ ತುಸು ತಗ್ಗುವುದು ಸಹಜ, ಕಾಲಿನ ಒತ್ತಡವನ್ನು ಹೆಚ್ಚಿಸುವ ಬೂಸ್ಟರಿನ ಕೆಲಸ ಅದು, ಆಮೇಲೆ ನಿಲ್ಲಬೇಕು. ಇದು ನಿಲ್ಲಲಿಲ್ಲ, ಇಳಿಯುತ್ತಲೇ ಹೋಯಿತು.

ಪೆಡಲ್ ತುಳಿದಾಗ ಆಯಿಲನ್ನು ಚಕ್ರಗಳತ್ತ ಒತ್ತುವ ಮಾಸ್ಟರ್ ಸಿಲಿಂಡರಿನ ಒಳಗೆ, ಆಯಿಲ್ ನುಸುಳದಂತೆ ತಡೆಯುವ ರಬ್ಬರ್ ಕಪ್ಪುಗಳು ಸವೆದಿದ್ದವು. ಜೋರಾಗಿ ತುಳಿದಾಗ ಒತ್ತಡಕ್ಕೆ ಕಪ್ಪಿನ ಅಂಚು ಅರಳಿ ಸಿಲಿಂಡರಿನ ಗೋಡೆಗೆ ಕಚ್ಚಿಕೊಳ್ಳುತ್ತದೆ; ಬ್ರೇಕ್ ಹಿಡಿಯುತ್ತದೆ. ಹಗುರವಾಗಿ ಒತ್ತಿಕೊಂಡಿದ್ದರೆ ಆಯಿಲ್ ಅಂಚಿನಿಂದ ನುಸುಳಿ ಹಿಂದಕ್ಕೆ ಹೋಗುತ್ತದೆ. ಹೊರಗೆ ಒಂದು ಹನಿಯೂ ಸೋರುವುದಿಲ್ಲ. ಪರೀಕ್ಷೆ ಮಾಡುವವರೆಲ್ಲ ಜೋರಾಗಿಯೇ ತುಳಿಯುತ್ತೇವೆ, ಹಾಗಾಗಿ ದೋಷ ಸಿಕ್ಕುವುದಿಲ್ಲ. ಗಾಳಿ ತೆಗೆಯುವಾಗ ಪೆಡಲನ್ನು ತಳದವರೆಗೆ ತುಳಿದದ್ದೂ ಕೆಡುಕು ಮಾಡಿರಬೇಕು ಎಂದರು. ಹಳೆಯ ಸಿಲಿಂಡರಿನಲ್ಲಿ ಕಪ್ಪು ಎಂದೂ ಹೋಗದ ಆಳದ ಭಾಗ ತುಕ್ಕು ಹಿಡಿದು ಒರಟಾಗಿರುತ್ತದೆ. ಅಲ್ಲಿ ಉಜ್ಜಿದ ರಬ್ಬರ್ ಹರಿಯುತ್ತದೆ. ಸಿಲಿಂಡರಿನಲ್ಲಿ ಎರಡು ಕೋಣೆಗಳಿರುವುದರಿಂದ ಒಂದು ಕೈಕೊಟ್ಟರೂ ಇನ್ನೊಂದು ಪೆಡಲಿನ ತಳದಲ್ಲಿ ಅರೆಬರೆ ಹಿಡಿಯುತ್ತದೆ, ಆದರೆ ಗಿರಿಯ ತಿರುವಿನಲ್ಲಿ ಅದನ್ನು ನಂಬಲಾದೀತೇ?

ಅವರು ಕೈ ಒರೆಸಿಕೊಂಡು ಹೇಳಿದರು: ‘ಯಜಮಾನರೇ, ನಿಮ್ಮ ಕಾಲು ಸರಿಯಾಗಿದೆ. ಗಾಡಿಯೇ ಸರಿಯಿಲ್ಲ.’

ಕಾರನ್ನು ಎಳೆಸಿಕೊಂಡು ಹೋದೆವು. ರಬ್ಬರ್ ಕಿಟ್ ಸಾಕೇ ಎಂದು ಕೇಳಿದೆ. ಗೋಡೆ ಒರಟಾದ ಮೇಲೆ ಹೊಸ ರಬ್ಬರೂ ಬಾಳುವುದಿಲ್ಲ ಎಂದರು. ಸಿಲಿಂಡರನ್ನೇ ಪೂರ್ತಿ ಬದಲಿಸಿದೆವು. ಕಾರು ಬಂದ ಸಂಜೆ ಬೀರುವಿನಿಂದ ಕೀ ತೆಗೆದು ಅಪ್ಪನ ಮುಂದೆ ಹಿಡಿದು, ‘ತಪ್ಪಾಯಿತಪ್ಪಾ’ ಎಂದೆ. ಅವರು ಕೀ ತೆಗೆದುಕೊಂಡು ಚಪ್ಪಲಿ ಮೆಟ್ಟಿದರು.

ಈಗ ಅವರು ಕಾರು ಹೊರಡಿಸುವ ಮುನ್ನ ಎಂಜಿನ್ ಚಾಲೂ ಮಾಡಿ, ಪೆಡಲಿನ ಮೇಲೆ ಕಾಲನ್ನು ಹಗುರವಾಗಿ ಇಟ್ಟು 30ರವರೆಗೆ ಎಣಿಸುತ್ತಾರೆ. ಎಣಿಕೆ ಮುಗಿಯುವವರೆಗೆ ಅಮ್ಮ ಗೇಟು ತೆರೆಯುವುದಿಲ್ಲ.