ಬಾಟಲಿಯಲ್ಲಿ ಶಿಂಷಾ, ಐಸ್ ಪೆಟ್ಟಿಗೆಯಲ್ಲಿ ಜಿಲೇಬಿ

ಫೆಬ್ರವರಿ 8, 2025, ಶನಿವಾರ

ಶಿಂಷಾ ಹೊಳೆಯ ನೀರು ಪರೀಕ್ಷೆಗೆ ತರೋಕೆ, ಕೊಕ್ಕರೆ ಬೆಳ್ಳೂರಿಗೆ ಅಂತ, ಬೆಳಗಿನ ಜಾವ ಐದಕ್ಕೆ ಬೆಂಗಳೂರು ಬಿಟ್ಟೆವು. ಡಿಕ್ಕಿಯಲ್ಲಿ ಬಿಒಡಿ (ನೀರಿನ ಕೊಳೆ ತಿನ್ನೋಕೆ ಬ್ಯಾಕ್ಟೀರಿಯಾ ಬಳಸುವ ಆಮ್ಲಜನಕ) ಅಳೆಯುವ ಬಾಟಲಿಗಳ ಕ್ರೇಟು, ಎರಡು ಕ್ಯಾನು, ಹಗ್ಗ ಕಟ್ಟಿದ ಬಕೆಟ್ಟು, ಖಾಲಿ ಐಸ್ ಪೆಟ್ಟಿಗೆ. ಮುಂದೆ ಡ್ರೈವರ್ ಅಣ್ಣ ಮತ್ತು ನಮ್ಮ ಲ್ಯಾಬಿನ ಸರ್. ಹಿಂದೆ ನಾನು, ನನ್ನ ತೊಡೆಯ ಮೇಲೆ ಆಸಿಡ್ ಬಾಟಲಿ. ಅದನ್ನು ಡಿಕ್ಕಿಯಲ್ಲಿಟ್ಟರೆ ನನಗೆ ನಿದ್ದೆ ಬರುವುದಿಲ್ಲ, ತೊಡೆ ಮೇಲಿಟ್ಟುಕೊಂಡರೂ ಬರುವುದಿಲ್ಲ.

ಇಷ್ಟು ಬೇಗ ಯಾಕೆ ಅಂತ ಅಮ್ಮ ಪ್ರತಿ ಸಲ ಕೇಳುತ್ತಾಳೆ. ನೀರಿನಲ್ಲಿ ಕರಗಿರುವ ಆಮ್ಲಜನಕ ಇಡೀ ದಿನ ಒಂದೇ ಸಮ ಇರುವುದಿಲ್ಲ. ಹಗಲು ಬಿಸಿಲಿಗೆ ಪಾಚಿ ಆಮ್ಲಜನಕ ಬಿಡುತ್ತದೆ. ರಾತ್ರಿ ಅದೇ ಪಾಚಿ, ಮೀನು, ಕೆಸರಿನ ಬ್ಯಾಕ್ಟೀರಿಯಾ ಎಲ್ಲ ಸೇರಿ ಉಸಿರಾಡಿ ಖಾಲಿ ಮಾಡುತ್ತವೆ. ಸೂರ್ಯ ಹುಟ್ಟುವ ಹೊತ್ತಿಗೆ ನೀರಿಗೆ ಅತಿ ಕಷ್ಟದ ಸಮಯ. ಕೆರೆಗಳಲ್ಲಿ ಮೀನು ಸತ್ತು ತೇಲುವುದು ಬೆಳಗ್ಗೆಯೇ ಜಾಸ್ತಿ, ಅಲ್ವಾ? ಊಟ ಮುಗಿಸಿ ಮಧ್ಯಾಹ್ನ ಎರಡಕ್ಕೆ ಹೋಗಿ ಅಳೆದರೆ ಹಸಿರುಗಟ್ಟಿದ ಕೊಳಕು ಕೆರೆಯೂ ಪಾಸಾಗಿಬಿಡುತ್ತದೆ.

ಎಕ್ಸ್‌ಪ್ರೆಸ್ ವೇ ಬೇಡ, ಹಳೇ ರೋಡಿನಲ್ಲೇ ಹೋಗೋಣ ಅಂದರು ಸರ್. ರಾಮನಗರ ದಾಟುವಾಗ ಬಂಡೆಗಳ ಮೇಲೆ ಆಗತಾನೇ ಬೆಳಕು ಬೀಳುತ್ತಿತ್ತು. ರಾಮದೇವರ ಬೆಟ್ಟ 2012ರಲ್ಲಿ ರಣಹದ್ದುಗಳ ಧಾಮ ಆಯಿತು. ಅಷ್ಟು ಹೊತ್ತಿಗೆ ದೇಶದಲ್ಲಿ ರಣಹದ್ದುಗಳ ಕಥೆ ಹೆಚ್ಚುಕಮ್ಮಿ ಮುಗಿಯುತ್ತಾ ಬಂದಿತ್ತು. ಅವು ಲಕ್ಷಗಟ್ಟಲೆ ಸಾಯುತ್ತಿದ್ದಾಗ ತುಂಬಾ ಜನ ಇದು ಯಾವುದೋ ವೈರಸ್ ಅಂದುಕೊಂಡಿದ್ದರು. ವಿಜ್ಞಾನಿ ಲಿಂಡ್ಸೇ ಓಕ್ಸ್ ಮತ್ತು ಜೊತೆಗಾರರು ಪಾಕಿಸ್ತಾನದಲ್ಲಿ ಸತ್ತ ಹದ್ದುಗಳನ್ನು ಕೊಯ್ದು ನೋಡಿದರು. ಒಳಗೆ ಅಂಗಾಂಗಗಳ ಮೇಲೆ ಸುಣ್ಣ ಬಳಿದ ಹಾಗೆ ಯೂರಿಕ್ ಆಮ್ಲ. ಮೂತ್ರಪಿಂಡ ಕೈಕೊಟ್ಟಿತ್ತು. 2004ರಲ್ಲಿ ಕಾರಣ ಹೊರಬಂತು. ದನಗಳಿಗೆ ನೋವಿಗೆ ಕೊಡುವ ಡೈಕ್ಲೋಫೆನಾಕ್! ಔಷಧಿ ತೆಗೆದುಕೊಂಡು ಸತ್ತ ದನದ ಮಾಂಸ ತಿಂದ ಹದ್ದಿಗೆ ಅದೇ ವಿಷ. 2006ರಲ್ಲಿ ಭಾರತ ದನಗಳಿಗೆ ಅದನ್ನು ಕೊಡುವುದನ್ನು ನಿಷೇಧಿಸಿತು.

ಸರ್‌ಗೆ ಈ ಕಥೆ ಹೇಳದೆ ರಾಮನಗರ ದಾಟಿ ಅಭ್ಯಾಸವಿಲ್ಲ. ನನಗೆ ಬಾಯಿಪಾಠ ಆಗಿದೆ. ಆದರೂ ಕೇಳುತ್ತೇನೆ.

ಚನ್ನಪಟ್ಟಣದಲ್ಲಿ ಮೀನಿನ ಅಂಗಡಿಯವನು ಆಗಷ್ಟೇ ಲೋಡು ಇಳಿಸುತ್ತಿದ್ದ. ಅವನ ಹತ್ತಿರ ಐಸ್ ಕೊಂಡೆವು. "ಮೀನು ಬೇಡ್ವಾ ಮೇಡಂ, ಬರೀ ಐಸಾ?" ಅಂತ ನಕ್ಕ. ನೀರು ತುಂಬೋಕೆ ಅಂದೆ. ಇನ್ನೂ ಜಾಸ್ತಿ ನಕ್ಕ.

ರುದ್ರಾಕ್ಷಿಪುರದ ಹತ್ತಿರ ಎಡಕ್ಕೆ ತಿರುಗಿದರೆ ಕೊಕ್ಕರೆ ಬೆಳ್ಳೂರಿನ ದಾರಿ. ಕಬ್ಬು, ರಾಗಿ ಮೆದೆ, ಒಂದು ಆಲೆಮನೆಯಿಂದ ಏಳುತ್ತಿದ್ದ ಬೆಲ್ಲದ ಹೊಗೆ. ಊರು ಸಿಗುವ ಮೊದಲೇ ವಾಸನೆ ಸಿಗುತ್ತದೆ. ಹಕ್ಕಿ ಹಿಕ್ಕೆ ಮತ್ತು ಹಳಸಿದ ಮೀನು ಸೇರಿದ ವಾಸನೆ. ಊರಿನವರಿಗೆ ಅದು ಗೊತ್ತೇ ಆಗುವುದಿಲ್ಲವಂತೆ. ಹುಣಸೆ ಮರಗಳ ತುಂಬಾ ಹೆಜ್ಜಾರ್ಲೆ (ಪೆಲಿಕನ್), ಪಕ್ಕದಲ್ಲೇ ಬಣ್ಣದ ಕೊಕ್ಕರೆ. ದೊಡ್ಡವು ಗೂಡಿನಲ್ಲಿ ಹೆಚ್ಚು ಸದ್ದು ಮಾಡುವುದಿಲ್ಲ, ಮರಿಗಳದ್ದೇ ಗಲಾಟೆ. ಕೆಳಗೆ ಮನೆ ಹೆಂಚು, ನಿಲ್ಲಿಸಿದ ಟ್ರ್ಯಾಕ್ಟರು, ಒಣಗಹಾಕಿದ ಸೀರೆ ಎಲ್ಲದರ ಮೇಲೂ ಬಿಳಿ ಚುಕ್ಕಿ.

ಮೊದಲು ಹೊಳೆ. ದೇವರಾಯನದುರ್ಗದ ಬೆಟ್ಟದಲ್ಲಿ ಹುಟ್ಟುವ ಶಿಂಷಾ, ಮಾರ್ಕೋನಹಳ್ಳಿ ಅಣೆಕಟ್ಟು ದಾಟಿ, ಮದ್ದೂರು ಮುಟ್ಟಿ, ಇಲ್ಲಿ ಊರಿನ ಪಕ್ಕ ಸುಮ್ನೆ ಹರಿಯುತ್ತಾಳೆ. ಫೆಬ್ರವರಿ ಅಲ್ವಾ, ನೀರು ಕಮ್ಮಿ. ಮರಳಿಗಿಂತ ಜೊಂಡು ಜಾಸ್ತಿ.

ನನ್ನ ಹತ್ತಿರ ಆಮ್ಲಜನಕ ಅಳೆಯುವ ಮೀಟರ್ ಇದೆ. ಆದರೂ ನಾನು ವಿಂಕ್ಲರ್ ವಿಧಾನ ಬಿಟ್ಟಿಲ್ಲ. ಹಂಗೇರಿಯ ಲಾಯೋಶ್ ವಿಂಕ್ಲರ್ 1888ರಲ್ಲಿ ಕಂಡುಹಿಡಿದಿದ್ದು. ಮೀಟರ್ ನಂಬರ್ ತೋರಿಸುತ್ತದೆ. ವಿಂಕ್ಲರ್‌ನಲ್ಲಿ ಆಮ್ಲಜನಕವೇ ಕಣ್ಣಿಗೆ ಕಾಣುತ್ತದೆ. ಮೊಣಕಾಲುದ್ದ ನೀರಿನಲ್ಲಿ ನಿಂತು, ಬಾಟಲಿಯನ್ನು ಓರೆ ಹಿಡಿದು, ಗುಳುಗುಳು ಅನ್ನದ ಹಾಗೆ ಮೆಲ್ಲಗೆ ತುಂಬಿಸಬೇಕು. ಒಂದು ಗುಳ್ಳೆ ಉಳಿದರೂ ಕೆಲಸ ಕೆಟ್ಟಿತು. ಆಮೇಲೆ ಪಿಪೆಟ್ಟಿನ ತುದಿಯನ್ನು ನೀರಿನೊಳಗೆ ಇಳಿಸಿ ಮ್ಯಾಂಗನೀಸ್ ಸಲ್ಫೇಟ್, ಅದರ ಹಿಂದೆ ಅಯೋಡೈಡ್ ಸೇರಿದ ಕ್ಷಾರ. ಮುಚ್ಚಳ ಹಾಕಿ ತಲೆಕೆಳಗು ಮಾಡಿ ಅಲುಗಿಸಿದರೆ ಬಾಟಲಿಯೊಳಗೆ ಮೋಡ ಕಟ್ಟುತ್ತದೆ. ಆಮ್ಲಜನಕ ಇಲ್ಲದಿದ್ದರೆ ಮೋಡ ಬೆಳ್ಳಗೆ. ಇದ್ದರೆ ಕಂದು, ಹಾಲಿಗೆ ಡಿಕಾಕ್ಷನ್ ಬಿಟ್ಟ ಹಾಗೆ. ಇವತ್ತು ಕಂದು ಬಂತು. ಎಷ್ಟು ಸಲ ಮಾಡಿದರೂ ಆ ಬಣ್ಣ ಬರುವ ಕ್ಷಣದಲ್ಲಿ ನನಗೆ ಖುಷಿ.

ದಡದಲ್ಲಿ ಒಬ್ಬರು ಅಜ್ಜಿ ಮೇಕೆ ಬಿಟ್ಟುಕೊಂಡು ನೋಡುತ್ತಾ ನಿಂತಿದ್ದರು.

"ಏನವ್ವಾ, ಹೊಳೆ ನೀರ್ಗೆ ಔಸ್ದಿ ಹಾಕ್ತಿದ್ದೀಯಾ?"

"ಇಲ್ಲ ಅಜ್ಜಿ, ನೀರಲ್ಲಿ ಉಸಿರು ಎಷ್ಟಿದೆ ಅಂತ ನೋಡ್ತಿದ್ದೀನಿ."

"ನೀರ್ಗೂ ಉಸ್ರಾ?"

"ಮೀನಿಗೆ ಬೇಕಲ್ವಾ ಅಜ್ಜಿ."

"ಊಂ. ಮೀನ್ಗೆ ಬೇಕು, ಮೀನು ಹಕ್ಕಿಗೆ ಬೇಕು," ಅಂದು ಸ್ವಲ್ಪ ಹೊತ್ತು ಸುಮ್ಮನಾದರು. ಆಮೇಲೆ ತಾವಾಗಿಯೇ ಶುರು ಮಾಡಿದರು. "ಆ ವರ್ಸ ಬೆಳಗಾದ್ರೆ ಮರದ ಕೆಳ್ಗೆ ಒಂದು ಬಿದ್ದಿರೋದು ಕಣವ್ವ. ಮನೆ ಹೆಣ್ಮಕ್ಳು ಹೋದಂಗೆ ಆಗೋದು. ಯಾರೋ ಕೆರೆಗೆ ವಿಷ ಹಾಕವ್ರೆ ಅಂದ್ರು. ಹಕ್ಕಿಜ್ವರ ಅಂದ್ರು. ಕೊನೀಗೆ ನೋಡುದ್ರೆ ಹೊಟ್ಟೆ ತುಂಬಾ ಹುಳ."

ಅಜ್ಜಿ ಹೇಳಿದ್ದು 2017ರ ಕೊನೆ, 2018ರ ಶುರುವಿನ ಕಥೆ. ಹತ್ತಾರು ಹೆಜ್ಜಾರ್ಲೆಗಳು ಇಲ್ಲಿ ಸತ್ತವು. ಈ ಊರಿನವರಿಗೆ ಹೆಜ್ಜಾರ್ಲೆ ಅಂದರೆ ಬಾಣಂತನಕ್ಕೆ ತವರಿಗೆ ಬಂದ ಮಗಳು. ಮರದ ಕೆಳಗೆ ಗುಂಡಿ ತೋಡಿ, ಹಿಕ್ಕೆ ಬಿದ್ದ ಮಣ್ಣನ್ನು ಹೊಲಕ್ಕೆ ಗೊಬ್ಬರವಾಗಿ ಹೊಡೆದವರು. ಗೂಡಿಂದ ಬಿದ್ದ ಮರಿಗಳನ್ನು ಸಾಕಿ ಬಿಡೋಕೆ ಹೆಜ್ಜಾರ್ಲೆ ಬಳಗ ಕಟ್ಟಿಕೊಂಡವರು. 2007ರಲ್ಲಿ ಇದು ಸಮುದಾಯ ಮೀಸಲು ಆಗುವುದಕ್ಕೆ ಎಷ್ಟೋ ಮೊದಲಿಂದ ನಡೆದುಬಂದಿದ್ದು ಇದೆಲ್ಲ. ಅಂಥ ಊರಿನಲ್ಲಿ ದಿನಾ ಬೆಳಗ್ಗೆ ಹೆಣ. ಅದೇ 2017ರ ಜನವರಿಯಲ್ಲಿ ಹಕ್ಕಿಜ್ವರಕ್ಕೆ ಮೈಸೂರು ಮೃಗಾಲಯ ಒಂದು ತಿಂಗಳು ಬಾಗಿಲು ಹಾಕಿತ್ತು. ಜನಕ್ಕೆ ಮೊದಲು ಅದೇ ನೆನಪಾಗಿದ್ದರಲ್ಲಿ ಆಶ್ಚರ್ಯ ಇಲ್ಲ. ಕೊಯ್ದು ನೋಡಿದರೆ ಒಳಗೆ ದುಂಡುಹುಳುಗಳ ಗೊಂಚಲು.

ಈ ಹುಳುಗಳ ಸವಾರಿ ಕೇಳಿದರೆ ತಲೆ ತಿರುಗುತ್ತದೆ. ಹೆಜ್ಜಾರ್ಲೆಗಳಲ್ಲಿ ಸಾಮಾನ್ಯವಾಗಿ ಸಿಗುವ ಜಾತಿ ಕಾಂಟ್ರಾಸೀಕಮ್. ದೊಡ್ಡ ಹುಳು ಹಕ್ಕಿಯ ಜಠರದಲ್ಲಿರುತ್ತದೆ. ಮೊಟ್ಟೆ ಹಿಕ್ಕೆಯ ಜೊತೆ ನೀರಿಗೆ ಬೀಳುತ್ತದೆ. ಮರಿಹುಳುವನ್ನು ಕಣ್ಣಿಗೆ ಕಂಡೂ ಕಾಣದಂಥ ನೀರು ಚಿಗಟ ತರಹದ ಜೀವಿ ತಿನ್ನುತ್ತದೆ. ಅದನ್ನು ಮೀನು ತಿನ್ನುತ್ತದೆ, ಮೀನನ್ನು ಹೆಜ್ಜಾರ್ಲೆ. ಮತ್ತೆ ಜಠರ. ನಾಲ್ಕೈದು ಹುಳು ಇದ್ದರೆ ಹಕ್ಕಿಗೆ ಏನೂ ಆಗದು, ಅದು ಹೊಟ್ಟೆಪಾಡಿನ ಭಾಗ. ಗೊಂಚಲಾದಾಗ ಕಷ್ಟ, ಅದರಲ್ಲೂ ಮೊದಲೇ ಸೊರಗಿದ ಹಕ್ಕಿಗೆ.

ಈ ಸುತ್ತಿನಲ್ಲಿ ನನ್ನ ಬಾಟಲಿ ಎಲ್ಲಿದೆ? ಎಲ್ಲೂ ಇಲ್ಲ. ನನಗೆ ಚುಚ್ಚುವುದು ಇದೇ.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ನೀರನ್ನು ಎ ಇಂದ ಇ ತನಕ ಐದು ದರ್ಜೆ ಮಾಡಿದೆ. ಸೋಸದೆ, ಕ್ರಿಮಿನಾಶ ಮಾತ್ರ ಮಾಡಿ ಕುಡಿಯಬಹುದಾದ್ದು ಎ. ಸ್ನಾನಕ್ಕೆ ಬಿ. ಬೇಸಾಯಕ್ಕೆ ಇ. ನಡುವಿನ ಡಿ ದರ್ಜೆ ವನ್ಯಜೀವಿ ಮತ್ತು ಮೀನಿಗೆ. ಅದಕ್ಕೆ ಕೇಳಿರುವುದು ಮೂರೇ ಮೂರು: ಪಿಎಚ್ 6.5ರಿಂದ 8.5ರ ಒಳಗೆ, ಕರಗಿದ ಆಮ್ಲಜನಕ ಲೀಟರಿಗೆ 4 ಮಿಲಿಗ್ರಾಂ ಅಥವಾ ಜಾಸ್ತಿ, ಮುಕ್ತ ಅಮೋನಿಯಾ 1.2 ಮಿಲಿಗ್ರಾಂ ಒಳಗೆ. ಅಷ್ಟೇ! ಕೀಟನಾಶಕ ಇಲ್ಲ, ಭಾರಲೋಹ ಇಲ್ಲ, ಹುಳುವಿನ ಮಾತಂತೂ ಇಲ್ಲ. ಮೀನು ಬದುಕಿದ್ದರೆ ಹಕ್ಕಿಯೂ ಬದುಕುತ್ತದೆ ಅನ್ನುವ ಲೆಕ್ಕ. ಹುಳು ತುಂಬಿದ ಮೀನು ಕೂಡ ಚೆನ್ನಾಗಿಯೇ ಈಜುತ್ತಿರುತ್ತದೆ.

ಕಾರಿನ ಹತ್ತಿರ ನಿಂತು ಸರ್ ಜೊತೆ ಇದೇ ವಾದ ಮಾಡಿದೆ. ನಾವು ವರ್ಷಗಟ್ಟಲೆ ಬಾಟಲಿ ತುಂಬುತ್ತೇವೆ, ಹಕ್ಕಿ ಸತ್ತಾಗ ಮಾತ್ರ ಹಕ್ಕಿ ನೋಡುತ್ತೇವೆ ಅಂದೆ. ಸರ್ ಸಾಂಬರ್ ಕೆರೆ ನೆನಪಿಸಿದರು. 2019ರ ನವೆಂಬರ್, ರಾಜಸ್ಥಾನ. ಹದಿನೆಂಟು ಸಾವಿರಕ್ಕೂ ಜಾಸ್ತಿ ಹಕ್ಕಿಗಳು. ಕಾರಣ ಬೊಟುಲಿಸಂ. ಆಮ್ಲಜನಕ ಇಲ್ಲದ ಕೊಳೆತ ಜಾಗದಲ್ಲಿ ಬೆಳೆಯುವ ಬ್ಯಾಕ್ಟೀರಿಯಾದ ವಿಷ. ಹಕ್ಕಿಗೆ ಮೊದಲು ರೆಕ್ಕೆ ಸೋಲುತ್ತದೆ, ಕತ್ತು ನಿಲ್ಲುವುದಿಲ್ಲ. ಸತ್ತ ಹಕ್ಕಿಯಲ್ಲಿ ಹುಟ್ಟುವ ನೊಣದ ಹುಳು ಆ ವಿಷ ನುಂಗಿಯೂ ಆರಾಮಾಗಿರುತ್ತದೆ. ಆ ಹುಳು ತಿಂದ ಇನ್ನೊಂದು ಹಕ್ಕಿ ಸಾಯುತ್ತದೆ. ಅದಕ್ಕೇ ಹೆಣ ಬೇಗ ಎತ್ತಬೇಕು. "ಅಲ್ಲಿ ಆಮ್ಲಜನಕ ಲೆಕ್ಕಕ್ಕೆ ಬಂತಲ್ಲ, ನಿನ್ನ ಬಾಟಲಿ ಪೂರ್ತಿ ದಂಡ ಅಲ್ಲ ಬಿಡು," ಅಂದರು ಸರ್. ಸಮಾಧಾನ ಮಾಡಿದರೋ ರೇಗಿಸಿದರೋ ಗೊತ್ತಾಗಲಿಲ್ಲ.

ಹಾಗೆ ಮಾತಾಡುತ್ತಿರುವಾಗಲೇ ಹುಣಸೆ ಮರದಿಂದ ಏನೋ ಪಚ್ಚಂತ ಬಿತ್ತು. ಮೀನು! ಮರಿಗೆ ತಿನ್ನಿಸುವಾಗ ಜಾರಿದ್ದು. ಅಂಗೈ ಅಗಲದ ಜಿಲೇಬಿ ಮೀನು, ಅಂದರೆ ತಿಲಾಪಿಯಾ. ಬಾಲದ ಕಡೆ ಹೊಳಪು ಹಾಗೇ ಇತ್ತು, ತಲೆಯ ಕಡೆ ಚರ್ಮ ಕರಗಿ ಮೂಳೆ ಇಣುಕುತ್ತಿತ್ತು. ದೊಡ್ಡ ಹಕ್ಕಿಯ ಹೊಟ್ಟೆಯಲ್ಲಿ ಎಷ್ಟೋ ಹೊತ್ತು ಇದ್ದು ಬಂದಿತ್ತು ಅಂತ ಕಾಣುತ್ತದೆ. ಇದು ಶಿಂಷಾದ್ದೇ, ತೈಲೂರು ಕೆರೆಯದ್ದೇ, ಸೂಳೆಕೆರೆಯದ್ದೇ? ಹೆಜ್ಜಾರ್ಲೆ ಮೇಯಲು ದೂರದೂರದ ಕೆರೆಗಳಿಗೆ ಹೋಗಿ ಬರುತ್ತದೆ. ನಾನು ಒಂದು ಕಡೆ ನಿಂತು ಬಾಟಲಿ ತುಂಬಿಸುತ್ತೇನೆ, ಅದು ಹತ್ತು ಕಡೆ ಬಾಯಿ ಹಾಕುತ್ತದೆ.

ಅರಣ್ಯ ಇಲಾಖೆಯ ವಾಚರ್ ಅಲ್ಲೇ ಇದ್ದರು. ಮೀನು ತಗೊಳ್ಳಲಾ ಅಂತ ಕೇಳಿದೆ. "ತಗೊಳ್ಳಿ, ಇಲ್ಲಾಂದ್ರೆ ನಾಯಿ ತಗೊಳುತ್ತೆ," ಅಂದರು. ಎರಡು ಕವರಿನಲ್ಲಿ ಸುತ್ತಿ, ಕ್ಯಾನುಗಳ ಪಕ್ಕ ಐಸಿನಲ್ಲಿ ಹೂತೆ. ಮೀನಂಗಡಿಯ ಐಸಿಗೆ ಕೊನೆಗೂ ಮೀನು ಸಿಕ್ಕಿತು.

ಸಂಜೆ ಏಳಾಗಿತ್ತು ಲ್ಯಾಬಿಗೆ ಬಂದಾಗ. ದಡದಲ್ಲಿ ಕಂದು ಮಾಡಿದ ಬಾಟಲಿಗಳಿಗೆ ಆಸಿಡ್ ಹಾಕಿದೆ. ಮೋಡ ಕರಗಿ ಅಯೋಡಿನ್ನಿನ ಹಳದಿ ಬಂತು. ಥಯೋಸಲ್ಫೇಟ್ ಹನಿ ಹನಿ ಬಿಟ್ಟು, ಹಳದಿ ತೆಳುವಾದಾಗ ಗಂಜಿ ಹಾಕಿ ನೀಲಿ ಮಾಡಿ, ಆ ನೀಲಿ ಹೋಗುವ ತನಕ ಮತ್ತೆ ಹನಿ. 200 ಮಿಲಿ ನೀರಿಗೆ 0.025 ನಾರ್ಮಲ್ ಸಾಂದ್ರತೆಯ ದ್ರಾವಣ ಎಷ್ಟು ಮಿಲಿ ಹಿಡಿಯಿತೋ, ಲೀಟರಿಗೆ ಅಷ್ಟು ಮಿಲಿಗ್ರಾಂ ಆಮ್ಲಜನಕ. ಇಂಥ ನೇರ ಲೆಕ್ಕ ಕೆಮಿಸ್ಟ್ರಿಯಲ್ಲಿ ಅಪರೂಪ. ನಂಬರ್ ಇಲ್ಲಿ ಬರೆಯುವುದಿಲ್ಲ. ಒಂದು ಬೆಳಗಿನ ನೀರು ಹೊಳೆಯ ಜಾತಕ ಅಲ್ಲ, ಇನ್ನೂ ವರ್ಷವಿಡೀ ತುಂಬುವುದಿದೆ.

ಕ್ಯಾನಿನ ನೀರನ್ನು ಬಿಒಡಿಗೆ ತುಂಬಿಸಿ 27 ಡಿಗ್ರಿಯ ಇನ್‌ಕ್ಯುಬೇಟರ್‌ನಲ್ಲಿ ಕತ್ತಲಲ್ಲಿಟ್ಟೆ. ಮೂರು ದಿನ. ಅಷ್ಟರಲ್ಲಿ ಬ್ಯಾಕ್ಟೀರಿಯಾಗಳು ಕೊಳೆ ತಿನ್ನುತ್ತಾ ಎಷ್ಟು ಆಮ್ಲಜನಕ ಬಳಸಿದವು ಅಂತ ನೋಡಬೇಕು. ಬೇರೆ ದೇಶಗಳಲ್ಲಿ 20 ಡಿಗ್ರಿ, ಐದು ದಿನ. ನಮ್ಮ ಬಿಸಿಲಿಗೆ ನಮ್ಮ ಲೆಕ್ಕ.

ಫೆಬ್ರವರಿ 11, ಮಂಗಳವಾರ

ಕೆಡಿಸಿದ್ದು ನಾನೇ. ಒಂದೇ ಜಾಗದ ಎರಡು ಬಾಟಲಿ ಒಂದೇ ಮಾತು ಹೇಳಬೇಕು. ಇವತ್ತು ಒಂದು ಕಮ್ಮಿ ಬಿಒಡಿ ತೋರಿಸಿತು, ಇನ್ನೊಂದು ಅದಕ್ಕಿಂತ ತುಂಬಾ ಜಾಸ್ತಿ. ಹನಿ ಬಿಟ್ಟು ಅಳೆಯುವ ಟೈಟ್ರೇಷನ್‌ಗೆ ಮುಂಚೆ ಕಮ್ಮಿ ಬಂದ ಬಾಟಲಿಯ ಮುಚ್ಚಳದ ಕೆಳಗೆ ಗುಳ್ಳೆ ಕಂಡಿದ್ದು ನಿಜ. ಕಂಡೂ ಕಾಣದ ಹಾಗೆ ಇದ್ದೆ. ಶನಿವಾರ ಸಂಜೆ ಸುಸ್ತಿನಲ್ಲಿ ತುಂಬಿಸಿದ್ದು, ಇನ್ನೇನಾಗುತ್ತೆ. ಗುಳ್ಳೆಯ ಗಾಳಿ ಮೂರು ದಿನ ನಿಧಾನವಾಗಿ ನೀರಿಗೆ ಇಳಿದು, ಖರ್ಚಾದ ಆಮ್ಲಜನಕವನ್ನು ತುಂಬಿಕೊಟ್ಟಿದೆ. ಹೊಳೆ ಇರುವುದಕ್ಕಿಂತ ಚೊಕ್ಕ ಕಾಣಿಸಿತು. ತಪ್ಪು ಯಾವಾಗಲೂ ಹೊಳೆಯ ಮುಖ ತೊಳೆಯುವ ಕಡೆಗೇ ಯಾಕೆ ವಾಲುತ್ತದೋ. ಪುಸ್ತಕದಲ್ಲಿ ಕೆಂಪು ಗೆರೆ ಎಳೆದು "ಗುಳ್ಳೆ" ಅಂತ ಬರೆದೆ. ಸರ್ ಸಹಿ ಹಾಕಿದರು, ಬೈಯಲಿಲ್ಲ.

ಮಧ್ಯಾಹ್ನ ಪಶುವೈದ್ಯ ಓದಿರುವ ಗೆಳತಿ ಬಂದಳು. ಜಿಲೇಬಿಯನ್ನು ಟ್ರೇನಲ್ಲಿಟ್ಟು, ಹೊಟ್ಟೆಯ ಕೆಳಗಿಂದ ಕತ್ತರಿಯಲ್ಲಿ ಬಿಡಿಸಿದಳು. ಲ್ಯಾಬಿನವರೆಲ್ಲ ಕಿಟಕಿ ತೆಗೆದು ಆಚೆ ಹೋದರು. ಕರುಳಿನ ಸುತ್ತ, ಈಲಿಯ ಮೇಲೆ, ಹೃದಯದ ಹತ್ತಿರ ಚಿಮಟದಲ್ಲಿ ಒಂದೊಂದೇ ಪೊರೆ ಎತ್ತಿ ನೋಡಿದಳು. ಹುಳು ಇದ್ದಿದ್ದರೆ ಗಡಿಯಾರದ ಸ್ಪ್ರಿಂಗಿನ ಹಾಗೆ ಸುತ್ತಿಕೊಂಡು ಕೂತಿರುತ್ತದಂತೆ. ಒಂದೂ ಸಿಗಲಿಲ್ಲ.

"ಒಳ್ಳೇದಲ್ವಾ?" ಅಂದೆ.

"ಒಂದು ಮೀನು ಕಣೇ. ಅದೂ ಅರ್ಧ ಅರಗಿದ್ದು. ಇದರಿಂದ ಏನೂ ಹೇಳೋಕಾಗಲ್ಲ. ನನಗೆ ಕೆರೆ ಕೆರೆಯಿಂದ ಫ್ರೆಶ್ ಮೀನು ಬೇಕು, ಯಾವ ಕೆರೆ ಅಂತ ಚೀಟಿ ಅಂಟಿಸಿ."

ಸರ್ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು. ಮೀನು ಹಿಡಿಯೋಕೆ ಕೆರೆ ಗುತ್ತಿಗೆದಾರರ ಹತ್ತಿರ ಮಾತಾಡಬೇಕು, ಇಲಾಖೆಗೆ ಪತ್ರ ಬರೀಬೇಕು, ದುಡ್ಡು ಎಲ್ಲಿಂದ ಅಂದರು. ಪತ್ರ ನಾನು ಬರೀತೀನಿ ಅಂದೆ. ಐದು ಗಂಟೆಗೆ ಶುರು ಮಾಡಿದೆ, ಈಗ ಒಂಬತ್ತೂವರೆ, "ಮಾನ್ಯರೇ" ಆದ ಮೇಲೆ ಮೂರು ಸಾಲು ಆಗಿದೆ. ಕೈ ಇನ್ನೂ ಜಿಲೇಬಿ ವಾಸನೆ. ನಾಳೆ ದೊಡ್ಡ ಐಸ್ ಪೆಟ್ಟಿಗೆ ಎಷ್ಟಕ್ಕೆ ಸಿಗುತ್ತೆ ವಿಚಾರಿಸಬೇಕು.